ಹಾರುವ ಓತಿಯೂ ಎಲೆಯ ಚುಕ್ಕೆಯೂ

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯನ್ನು ನಾನು ಮೂರನೆಯ ಸಲ ಓದಿದ್ದು, ಮಗಳು ನನ್ನೊಡನೆ ಮಾತು ಕಡಿಮೆ ಮಾಡಿದ್ದ ದಿನಗಳಲ್ಲಿ. ಅವಳು ಶೇಂಗಾ ಗಿಡದ ಎಲೆಚುಕ್ಕೆ ರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ನಮ್ಮ ಚಳ್ಳಕೆರೆ ಎಣ್ಣೆಮಿಲ್ಲುಗಳ ಊರು. ಶೇಂಗಾ ಎಂದರೆ ಇಲ್ಲಿ ಎಲ್ಲರೂ ಪಂಡಿತರೇ. "ಐದು ವರ್ಷ ಒಂದು ಚುಕ್ಕೆ ನೋಡೋದೇನೆ?" ಎಂದು ನೆಂಟರ ಮುಂದೆ ನಾನೇ ನಕ್ಕಿದ್ದೆ. ಕನ್ನಡ, ಸಮಾಜ ಎರಡನ್ನೂ, ಮೇಷ್ಟ್ರು ರಜಾ ಹಾಕಿದರೆ ವಿಜ್ಞಾನವನ್ನೂ ಪಾಠ ಹೇಳುವ ಜಂಬ ನನಗೆ.

ಮೊದಲೆರಡು ಓದಿನಲ್ಲಿ ನನಗೆ ಕಂಡದ್ದು ಹಾರುವ ಓತಿಯ ಬೆನ್ನು ಹತ್ತಿದ ಸೊಗಸಾದ ಸಾಹಸ. ಈ ಸಲ ಕಣ್ಣು ಮಂದಣ್ಣನ ಮೇಲೆ ನಿಂತಿತು. ಊರವರ ಲೆಕ್ಕದಲ್ಲಿ ಪೆದ್ದನಾದ ಈ ಜೇನಿನವನನ್ನು ವಿಜ್ಞಾನಿ ಕರ್ವಾಲೊ ಯಾಕೆ ಅಷ್ಟು ಗೌರವಿಸುತ್ತಾರೆ? ಅವನು ಎಲ್ಲ ಬಲ್ಲವನೆಂದಲ್ಲ. ಬೇರೆಯವರು ಕಣ್ಣಾಡಿಸಿ ಮುಂದೆ ಹೋಗುವಲ್ಲಿ ಅವನು ನಿಂತು ನೋಡುತ್ತಾನೆ, ಅದಕ್ಕೆ.

ಆದರೂ ತೇಜಸ್ವಿಯವರ ಮೇಲೆ ನನ್ನದೊಂದು ತಕರಾರು. ಹುಡುಕಾಟದ ರೋಮಾಂಚವನ್ನು ಕೊಟ್ಟಷ್ಟು ಧಾರಾಳವಾಗಿ ಅವರು ವಿಜ್ಞಾನದ ಬೇಸರವನ್ನು ಕೊಡುವುದಿಲ್ಲ. ದಿನವೂ ಎಲೆ ಎಣಿಸುವುದು, ಬರೆದಿಡುವುದು, ತಪ್ಪಾದರೆ ಮುಂದಿನ ಮುಂಗಾರಿನ ತನಕ ಕಾಯುವುದು, ಇವೆಲ್ಲ ಕಾದಂಬರಿಯ ಹೊರಗೇ ಉಳಿದವು. ನಾವು ಓತಿಯನ್ನು ಮೆಚ್ಚಿ ಚುಕ್ಕೆಯನ್ನು ಗೇಲಿ ಮಾಡಲು ಅದೂ ಒಂದು ಕಾರಣವಿರಬೇಕು.

ಪುಸ್ತಕ ಮುಚ್ಚಿಟ್ಟು ಮಗಳಿಗೆ ಫೋನು ಮಾಡಿದೆ. "ಚುಕ್ಕೆ ಒಂದಲ್ಲಮ್ಮ, ಎರಡು" ಎಂದಳು. ಬೇಗ ಬರುವುದರ ಸುತ್ತ ಹಳದಿ ಬಳೆಯಿರುತ್ತದಂತೆ. ತಡವಾಗಿ ಬರುವುದು ಎಲೆಯ ಅಡಿಯಲ್ಲಿ ಕಪ್ಪಗಿರುತ್ತದೆ. ಎರಡಕ್ಕೂ ಬೇರೆ ಬೇರೆ ಶಿಲೀಂಧ್ರ. ಒಂದನ್ನು ತಡೆಯುವ ತಳಿ ಇನ್ನೊಂದನ್ನು ತಡೆದೀತೆಂಬ ಭರವಸೆಯಿಲ್ಲ. ನಲವತ್ತು ವರ್ಷ ಶೇಂಗಾ ಸುಲಿದ ಕೈ ನನ್ನದು, ಇದು ಗೊತ್ತಿರಲಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಎಷ್ಟೋ ಸಲ ಮಕ್ಕಳನ್ನು ಕರೆದೊಯ್ದಿದ್ದೇನೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ಬರಹವೆಲ್ಲ ಬ್ರಾಹ್ಮಿಯಲ್ಲಿ, ಆದರೆ ಬರೆದ ಚಪಡನೆಂಬಾತ ಕೊನೆಯಲ್ಲಿ 'ಲಿಪಿಕಾರ' ಎಂಬ ತನ್ನ ಕಸುಬಿನ ಮಾತನ್ನಷ್ಟೇ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಬ್ರಾಹ್ಮಿಯೊಂದನ್ನೇ ಬಲ್ಲವರಿಗೆ ಅದು ಬರಿಯ ಗೀಚು. ಖರೋಷ್ಠಿಗೇ ಆಯುಸ್ಸು ಸವೆಸಿದವರು ಬೇಕಾಯಿತು. ಈ ಮಾತನ್ನು ನಾನು ಮಕ್ಕಳಿಗೆ ಎಂದೂ ಹೇಳಿರಲಿಲ್ಲ. ಅಶೋಕ ಮರ ನೆಡಿಸಿದ, ಬಾವಿ ತೋಡಿಸಿದ, ಅಷ್ಟೇ.

ಮಗಳು ರಜಕ್ಕೆ ಬಂದಾಗ ಅವಳನ್ನೂ ಕರೆದುಕೊಂಡು ಹೊರಟೆ. ದಾರಿಯಲ್ಲಿ ಶೇಂಗಾ ಹೊಲ ಕಂಡದ್ದೇ ಆಟೋ ನಿಲ್ಲಿಸಿದಳು. ಇಳಿದು ಎಲೆ ಮಗುಚಿ ನೋಡತೊಡಗಿದಳು. ನಾನು ಕನ್ನಡಕ ಹುಡುಕಿ ಹಾಕಿಕೊಂಡು ಹಿಂದೆಯೇ ಇಳಿದೆ.