ಸಿರಿ ಉಡದ ಸೀರೆ

ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹೇಳಿದ ತುಳು ಸಿರಿ ಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ಲೌರಿ ಹೊಂಕೊ, ವಿವೇಕ ರೈ, ಚಿನ್ನಪ್ಪ ಗೌಡರ ತಂಡ ದಾಖಲಿಸಿಕೊಂಡಿತು. ಅದು 15,683 ಸಾಲುಗಳ ಕಾವ್ಯ. ಅಷ್ಟರಲ್ಲಿ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವುದು ಒಂದು ಸೀರೆ.

ಬಸುರಿ ಸಿರಿಯ ಸೀಮಂತಕ್ಕೆಂದು ಗಂಡ ಕಾಂತು ಪೂಂಜ ತಂದ ಸೀರೆಯನ್ನು ಅವನ ಸೂಳೆ ಸಿದ್ದು ಮೊದಲು ಉಟ್ಟಿದ್ದಾಳೆ. ಸಿರಿಗೆ ಅದು ತಿಳಿಯುತ್ತದೆ. ಸೀರೆ ಬೇಡವೆನ್ನುತ್ತಾಳೆ, ಮುಂದೆ ಗಂಡನನ್ನೂ ಬಿಡುತ್ತಾಳೆ.

ವಿಮರ್ಶೆ ಇದನ್ನು ಹೆಣ್ಣಿನ ಸ್ವಾಭಿಮಾನವೆಂದೂ ಅಳಿಯಸಂತಾನದ ಹಕ್ಕಿನ ಮಾತೆಂದೂ ಓದಿದೆ. ತಪ್ಪಿಲ್ಲ. ಆದರೆ ಸೀರೆ ಮೈಗೆ ತಾಗುವ ವಸ್ತು. ಹಾಸಿಗೆಯ ಸಂಗತಿಯನ್ನು ನೇರ ಹೇಳಲಾಗದ ಹೆಣ್ಣಿಗೆ ಪಾಡ್ದನ ಕೊಟ್ಟ ಭಾಷೆ ಅದು: ಈ ಮೈ ನನ್ನದು, ಒಲ್ಲೆ.

ಪಾಡ್ದನದ ಮಿತಿಯೂ ಇಲ್ಲೇ ಇದೆ. ಸೀರೆಗೆ ಮೈಲಿಗೆ ಅಂಟಿದ್ದು ಸಿದ್ದುವಿನಿಂದ. ಎರಡೂ ಮನೆ ಹೊಕ್ಕ ಕಾಂತು ಪೂಂಜನಿಗೆ ಅದು ಅಂಟುವುದಿಲ್ಲ. ಗಂಡನಿಂದಲೇ ಸೋಂಕು ತಗುಲಿದ ಹೆಂಗಸು ತನ್ನ ಮೈಯೇ ಕೊಳಕೆಂದು ಬಚ್ಚಿಟ್ಟುಕೊಳ್ಳುವುದು, ಕಿಬ್ಬೊಟ್ಟೆಯ ನೋವನ್ನು ವರ್ಷಗಟ್ಟಲೆ ನುಂಗುವುದು ಇದೇ ತರ್ಕದಿಂದ. ಬಾಸುಂಡೆಯನ್ನಾದರೂ ತೋರಿಸಬಹುದು, ಇದನ್ನು ಯಾರಿಗೆ ತೋರಿಸುವುದು?

ಕಾನೂನೂ ಅರೆಮನಸ್ಸಿನದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಲೈಂಗಿಕ ಹಿಂಸೆಯನ್ನು ಹೆಸರಿಸಿ ಹೇಳುತ್ತದೆ. 2023ರ ಭಾರತೀಯ ನ್ಯಾಯ ಸಂಹಿತೆ ಮಾತ್ರ ವಯಸ್ಕ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ಅತ್ಯಾಚಾರದಿಂದ ಹೊರಗಿಟ್ಟಿದೆ. ಬಂಟ್ವಾಳವಿರಲಿ, ಮೂಡುಬಿದಿರೆಯಿರಲಿ, ಹೆಣ್ಣು ಈ ನೋವನ್ನು ಆಸ್ಪತ್ರೆಗೆ ತಂದಾಗ ಮುಟ್ಟು, ಮಕ್ಕಳ ಲೆಕ್ಕದ ಜೊತೆಗೆ "ನಿಮಗೆ ಮನಸ್ಸಿತ್ತೇ?" ಎಂದೂ ಕೇಳಬೇಕಲ್ಲವೇ?

ಸಿರಿ ಜಾತ್ರೆಯಲ್ಲಿ ಪಿಂಗಾರ ಹಿಡಿದು ಆವೇಶಗೊಂಡ ಹೆಂಗಸನ್ನು ಕುಮಾರ ಮಾತಾಡಿಸುತ್ತಾನೆ, ಅವಳ ಉತ್ತರಕ್ಕೆ ಕಾಯುತ್ತಾನೆ. ಇದನ್ನು ಚಿಕಿತ್ಸೆಯೆಂದು ವೈಭವೀಕರಿಸಬೇಕಿಲ್ಲ. ಸಿರಿಯ ಹೆಸರಿನಲ್ಲಿ ಒಂದು ರಾತ್ರಿ ಆಡಿದ ಮಾತು ಬೆಳಗಾದರೆ ಅದೇ ಮನೆಗೆ ಮರಳಬೇಕು. ಆದರೂ ಕೇಳುವವರೊಬ್ಬರು ಅಲ್ಲಿದ್ದಾರೆ.

ಪಾಡ್ದನ ಇನ್ನೊಂದು ಧೈರ್ಯ ಮಾಡಿದೆ. ಗಂಡನನ್ನು ಬಿಟ್ಟ ಸಿರಿಯನ್ನು ಅದು ವಿರಕ್ತೆ ಮಾಡುವುದಿಲ್ಲ. ಅವಳು ಕೊಡ್ಸರಾಳ್ವನನ್ನು ಮದುವೆಯಾಗುತ್ತಾಳೆ, ಸೊನ್ನೆಯನ್ನು ಹೆರುತ್ತಾಳೆ. ಅಲ್ಲಿ ಸವತಿಯಿದ್ದಾಳೆ, ಆ ಹೆರಿಗೆಯೇ ಸಿರಿಯ ಕೊನೆಯೂ ಹೌದು, ಸುಖಾಂತವೇನಲ್ಲ. ಆದರೆ ನೊಂದ ಮೈಗೆ ಮತ್ತೆ ಬಯಸುವ ಹಕ್ಕಿದೆ ಎಂಬುದನ್ನು ಕಾವ್ಯ ಮರೆತಿಲ್ಲ. ಸಂತ್ರಸ್ತೆಯೆಂದರೆ ಬರೀ ಗಾಯವೆಂದು ಬರೆಯುವ ನಮ್ಮ ಇಂದಿನ ಕತೆಗಳು ಅದನ್ನು ಮರೆತಿವೆ.