ಧ್ರುವಪ್ರಭೆಯ ವರ್ಣನೆ: ಒಂದು ವಿಮರ್ಶೆ

ಕಾಣದ ದೇಶಕ್ಕೆ ಹೊರಡುವವರು ಆ ದೇಶವನ್ನು ಕುರಿತ ಬರಹವನ್ನು ಮೊದಲು ಅರಿತುಕೊಳ್ಳುವುದು ಹಿಂದಿನಿಂದ ಬಂದ ವಾಡಿಕೆ. ಕಾಶಿಗೆ ಹೋಗುವವರು ಕಾಶೀಖಂಡವನ್ನು ಕೇಳಿ ಹೊರಡುತ್ತಿದ್ದರು. ಈಗ ನಮ್ಮಲ್ಲಿ ಅನುಕೂಲವುಳ್ಳ ಕೆಲವು ಮನೆತನದವರು ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳ ಉತ್ತರದ ಅಂಚಿಗೆ ಹೋಗಿ, ಅಲ್ಲಿನ ಇರುಳಿನ ಬಾನಿನಲ್ಲಿ ತೋರುವ ಧ್ರುವಪ್ರಭೆಯನ್ನು ನೋಡಿಬರುವ ಯೋಚನೆಯಲ್ಲಿದ್ದಾರೆ. ಅವರ ಕೈಗೆ ಮೊದಲು ಸಿಕ್ಕುವುದು ಪ್ರವಾಸದ ಏರ್ಪಾಡು ಮಾಡುವವರ ಚಿತ್ರಮಯವಾದ ಪುಸ್ತಿಕೆ. ಇಂಥ ಬರಹವೂ ವಿಮರ್ಶೆಗೆ ಅರ್ಹವಾದುದೇ. ಏಕೆಂದರೆ ಅದನ್ನು ನಂಬಿ ಜನರು ವರ್ಷಗಳ ಉಳಿತಾಯವನ್ನು ವೆಚ್ಚಮಾಡುತ್ತಾರೆ. ಅದಕ್ಕಿಂತ ಮಿಗಿಲಾಗಿ, ಬಾಳಿನಲ್ಲಿ ಒಮ್ಮೆ ಒದಗಬಹುದಾದ ಒಂದು ವಿಸ್ಮಯವನ್ನು ಅದರ ವಶಕ್ಕೆ ಒಪ್ಪಿಸುತ್ತಾರೆ. ಒಂದು ದೃಶ್ಯವನ್ನು ಕುರಿತ ಬರಹವು ಕಣ್ಣನ್ನು ಅಣಿಗೊಳಿಸುತ್ತದೆಯೋ, ಇಲ್ಲವೆ ಕಣ್ಣು ಕಾಣಬೇಕಾದುದನ್ನು ತಾನೇ ಮುಂಚಿತವಾಗಿ ಕಬಳಿಸಿಬಿಡುತ್ತದೆಯೋ ಎಂಬುದೇ ಇಲ್ಲಿ ಕೇಳತಕ್ಕ ಪ್ರಶ್ನೆ.

ಧ್ರುವಪ್ರಭೆಯನ್ನು ವರ್ಣಿಸಿದ ಹಳೆಯ ಬರಹಗಳಲ್ಲಿ ಒಂದು ನಾರ್ವೆಯ ‘ಕೊನುಂಗ್ಸ್ ಸ್ಕುಗ್ಸ್ಯಾ’, ಎಂದರೆ ‘ರಾಜದರ್ಪಣ’. ಸುಮಾರು 1250ರಲ್ಲಿ ರಚಿತವಾದ ಈ ಗ್ರಂಥವು ತಂದೆ ಮತ್ತು ಮಗನ ಸಂವಾದರೂಪದಲ್ಲಿದೆ. ವ್ಯಾಪಾರ, ಕಡಲಯಾನ, ರಾಜಸಭೆಯ ನಡವಳಿಕೆ ಇವುಗಳ ನಡುವೆ, ಗ್ರೀನ್ಲೆಂಡಿನ ಜನರು ಕಾಣುವ ಉತ್ತರದ ಬೆಳಕಿನ ಪ್ರಸ್ತಾಪವೂ ಅಲ್ಲಿ ಬರುತ್ತದೆ. ಇರುಳು ಕಪ್ಪಾದಷ್ಟೂ ಆ ಬೆಳಕು ಹೆಚ್ಚುವುದೆಂದೂ, ತಿಂಗಳ ಬೆಳಕಿನಲ್ಲಿ ಅದು ಅಪರೂಪವೆಂದೂ, ಬಹುದೂರದಿಂದ ಕಂಡ ದೊಡ್ಡ ಬೆಂಕಿಯಂತೆ ತೋರಿ ಅದರಿಂದ ಮೊನೆಗಳು ಮೇಲಕ್ಕೆ ಚಿಮ್ಮುತ್ತ ಒಂದನ್ನೊಂದು ಮೀರುವುವೆಂದೂ ತಂದೆಯು ಹೇಳುತ್ತಾನೆ. ಅದು ಬಲವಾಗಿ ಉರಿದಾಗ ಹೊರಗಿದ್ದವರು ದಾರಿ ಕಂಡುಕೊಳ್ಳಬಹುದು, ಬೇಟೆಯನ್ನೂ ಆಡಬಹುದು. ಬಣ್ಣಗಳ ಪಟ್ಟಿಯನ್ನು ಆತನು ಕೊಡುವುದಿಲ್ಲ. ಯಾವ ಹೊತ್ತಿನಲ್ಲಿ, ಎಂಥ ಇರುಳಿನಲ್ಲಿ, ಯಾವ ಚಲನೆಯಿಂದ ಎಂಬಷ್ಟನ್ನೇ ಹೇಳುತ್ತಾನೆ.

ನಮ್ಮ ಆಲಂಕಾರಿಕರು ಇದನ್ನು ಸ್ವಭಾವೋಕ್ತಿಯೆಂದು ಕರೆಯುತ್ತಿದ್ದರು. ವಸ್ತುವನ್ನು ಇದ್ದಂತೆ ಹೇಳುವ ಈ ಮಾತನ್ನು ದಂಡಿಯು ಮೊದಲನೆಯ ಅಲಂಕಾರವಾಗಿ ಎಣಿಸಿದನು. ಆತನ ಕಾವ್ಯಾದರ್ಶವನ್ನು ಅನುಸರಿಸಿದ ಕವಿರಾಜಮಾರ್ಗವನ್ನು ಬಲ್ಲ ಕನ್ನಡಿಗರಿಗೆ ಇದು ಹೊಸ ವಿಚಾರವಲ್ಲ. ಸ್ವಭಾವೋಕ್ತಿಯ ಬಲವೆಷ್ಟೆಂಬುದು ‘ರಾಜದರ್ಪಣ’ದಲ್ಲಿ ಚೆನ್ನಾಗಿ ವ್ಯಕ್ತವಾಗುತ್ತದೆ. ಆ ಬೆಳಕಿಗೆ ಗ್ರಂಥಕಾರನು ಮೂರು ಕಾರಣಗಳನ್ನು ಊಹಿಸುತ್ತಾನೆ: ಭೂಮಿಯನ್ನು ಸುತ್ತಿದ ಕಡಲಿನಾಚೆಯ ಬೆಂಕಿ, ಮುಳುಗಿದ ಸೂರ್ಯನ ಕಿರಣ, ಹಿಮರಾಶಿಯು ಹೊರಸೂಸುವ ತೇಜಸ್ಸು. ಮೂರೂ ಇಂದು ಬಿದ್ದುಹೋಗಿವೆ. ಧ್ರುವಪ್ರಭೆಗೂ ಭೂಮಿಯ ಕಾಂತಶಕ್ತಿಗೂ ನಂಟುಂಟೆಂಬುದು, ದಿಕ್ಸೂಚಿಯ ಮುಳ್ಳು ಪ್ರಭೆಯೊಡನೆ ಅಲುಗುವುದನ್ನು 1741ರಲ್ಲಿ ಸ್ವೀಡನ್ನಿನ ಹ್ಯೋರ್ಟರ್ ಮತ್ತು ಸೆಲ್ಸಿಯಸ್ ಕಂಡಾಗ ತಿಳಿಯಿತು. ಸೂರ್ಯನಿಂದ ಬೀಸಿಬರುವ ವಿದ್ಯುತ್ಕಣಗಳ ಪ್ರವಾಹವು ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ, ಎಲೆಕ್ಟ್ರಾನುಗಳು ಧ್ರುವಗಳ ಸುತ್ತಲಿನ ವಲಯದಲ್ಲಿ ಕೆಳಗಿಳಿದು, ನೂರು ಕಿಲೋಮೀಟರಿಗೂ ಮೇಲಿನ ತೆಳುಗಾಳಿಯ ಆಮ್ಲಜನಕ, ಸಾರಜನಕಗಳನ್ನು ಬೆಳಗಿಸುತ್ತವೆಂದು ಈಗ ಬಲ್ಲೆವು. ಕಾರಣವು ಸುಳ್ಳಾದರೂ ವರ್ಣನೆಯು ಏಳುನೂರು ವರ್ಷಗಳಾಚೆಗೂ ನಿಂತಿದೆ. ಇಂದು ಹೋಗುವವನಿಗೂ ಅದು ದಾರಿ ತೋರಿಸಬಲ್ಲುದು.

ಎರಡನೆಯ ಬರಹ ಫ್ರಿಡ್ಯೋಫ್ ನಾನ್ಸೆನ್ನನದು. ‘ಫ್ರಾಮ್’ ಎಂಬ ಹಡಗನ್ನು ಬೇಕೆಂದೇ ಮಂಜುಗಡ್ಡೆಯಲ್ಲಿ ಸಿಲುಕಿಸಿ, 1893ರಿಂದ 1896ರವರೆಗೆ ಧ್ರುವಸಮುದ್ರದಲ್ಲಿ ಅಲೆದ ಈತನು 1897ರಲ್ಲಿ ತನ್ನ ಯಾತ್ರೆಯ ಕಥನವನ್ನು ಪ್ರಕಟಿಸಿದನು. ಇಲ್ಲಿ ಬಣ್ಣಗಳು ಯಥೇಚ್ಛವಾಗಿವೆ. ಉಪಮೆಗಳು ಒಂದರ ಮೇಲೊಂದು ಬೀಳುತ್ತವೆ. ಮಾತು ಸಾಲದೆಂದು ಆತನೇ ಒಪ್ಪಿಕೊಂಡು ಮತ್ತೆ ಮಾತಿಗೆ ತೊಡಗುತ್ತಾನೆ. ಇದು ಅತಿಶಯೋಕ್ತಿಯೆಂದು ಬದಿಗಿಡುವಂತಿಲ್ಲ. ತಿಂಗಳುಗಟ್ಟಲೆ ಇರುಳಿನಲ್ಲಿ ಬಾಳಿದವನ ಕಣ್ಣು ಅದು. ಆದರೂ ಆತನ ವರ್ಣನೆಯ ಶ್ರೇಷ್ಠಭಾಗವು ಬಣ್ಣದಲ್ಲಿಲ್ಲ. ಪ್ರಭೆಯು ಏರಿ ಏರಿ, ಇನ್ನೇನೋ ಆಗಿಯೇ ತೀರಬೇಕೆನ್ನುವ ಘಟ್ಟವನ್ನು ಮುಟ್ಟಿ, ಕೂಡಲೇ ಹಗುರವಾಗಿ ಜಾರಿ ಇಲ್ಲವಾಗುವುದನ್ನು, ವಾದ್ಯವನ್ನು ಕೈವಶಮಾಡಿಕೊಂಡ ವಿದ್ವಾಂಸನ ನುಡಿಸಾಣಿಕೆಗೆ ಆತನು ಹೋಲಿಸುತ್ತಾನೆ. ಇಲ್ಲಿ ವರ್ಣಿತವಾದುದು ಕಾಲ. ‘ರಾಜದರ್ಪಣ’ವು ಕತ್ತಲೆಯನ್ನು ಹೇಳಿತು, ನಾನ್ಸೆನ್ ಕಾಲವನ್ನು ಹೇಳಿದನು. ಅದ್ಭುತರಸಕ್ಕೆ ಸ್ಥಾಯಿಯಾದ ವಿಸ್ಮಯವು ಈ ಎರಡರಿಂದಲೇ ಪುಷ್ಟವಾಗುತ್ತದೆ.

ಇನ್ನು ಇಂದಿನ ಪುಸ್ತಿಕೆಗಳು. ಇವುಗಳಲ್ಲಿ ಕತ್ತಲೆಯೂ ಇಲ್ಲ, ಕಾಲವೂ ಇಲ್ಲ, ಇರುವುದು ಬಣ್ಣವೊಂದೇ. ಛಾಯಾಯಂತ್ರವು ಹಲವು ಸೆಕೆಂಡುಗಳ ಬೆಳಕನ್ನು ಕೂಡಿಸಿ ಒಂದು ಚಿತ್ರವಾಗಿಸುತ್ತದೆ. ನಮ್ಮ ಕಣ್ಣು ಹಾಗೆ ಕೂಡಿಡಲಾರದು; ಮೇಲಾಗಿ ಮಂದವಾದ ಬೆಳಕಿನಲ್ಲಿ ಕೆಲಸಮಾಡುವ ಅದರ ಕಣಗಳಿಗೆ ಬಣ್ಣದ ಭೇದವೇ ತಿಳಿಯದು. ಆದಕಾರಣ ಸಾಧಾರಣವಾದ ಪ್ರಭೆಯು ಬರಿಗಣ್ಣಿಗೆ ಬೂದುಬಿಳುಪಿನ ಮೋಡದ ಪಟ್ಟಿಯಂತೆ ತೋರುತ್ತದೆ. ಬಲವಾದಾಗ ಹಸುರು ಸ್ಪಷ್ಟವಾಗುತ್ತದೆ. ಕೆಂಪು, ನೇರಿಳೆಗಳು ಭಾಗ್ಯವಿದ್ದವರಿಗೆ. ಚಿತ್ರವು ಸುಳ್ಳು ಹೇಳುತ್ತದೆನ್ನಲಾಗದು. ಪಕ್ಕದಲ್ಲಿ ಒಂದು ವಾಕ್ಯವನ್ನು ಬರೆಯದೆ ಬಿಟ್ಟುದೇ ಪುಸ್ತಿಕೆಯ ದೋಷ. ಆ ಮೌನದ ಫಲವಾಗಿ, ನಿಜವಾದ ಪ್ರಭೆಯ ಕೆಳಗೆ ನಿಂತವನು ಅದನ್ನು ಚಿತ್ರಕ್ಕಿಂತ ಕಡಮೆಯೆಂದು ಬಗೆದು ಕುಗ್ಗುತ್ತಾನೆ. ಔಚಿತ್ಯವಿಲ್ಲದ ವರ್ಣನೆಯಿಂದ ಆಗುವ ಹಾನಿಗೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕಿಲ್ಲ.

ಯಾತ್ರೆಯ ಯೋಜನೆಯಲ್ಲಿಯೂ ಹಳೆಯ ಗ್ರಂಥದ ಮಾತೇ ಉಪಯುಕ್ತ. ಇರುಳು ಕಪ್ಪಾಗಿರಬೇಕು: ಬೇಸಗೆಯಲ್ಲಿ ಅಲ್ಲಿ ಸೂರ್ಯನು ಮುಳುಗದ ಕಾರಣ ಆಗ ಹೋಗಿ ಫಲವಿಲ್ಲ. ಸೆಪ್ಟೆಂಬರಿನಿಂದ ಮಾರ್ಚಿಯವರೆಗಿನ ಕಾಲವೇ ಯೋಗ್ಯ. ಅದರಲ್ಲಿಯೂ ಹಗಲಿರುಳು ಸಮವಾಗುವ ದಿನಗಳ ಆಸುಪಾಸಿನಲ್ಲಿ ಕಾಂತಕ್ಷೋಭೆಗಳು ಹೆಚ್ಚೆಂದು ಕಂಡುಬಂದಿದೆ. ಚಂದ್ರನಿರಬಾರದು: ಅಮಾವಾಸ್ಯೆಯ ವಾರವನ್ನು ಪಂಚಾಂಗದಲ್ಲಿ ನೋಡಿಕೊಳ್ಳುವುದು ನಮಗೆ ಕಷ್ಟವಲ್ಲ. ಮೋಡವಿರಬಾರದು: ಕಡಲ ತೀರದ ಟ್ರೋಮ್ಸೊವಿಗಿಂತ, ಬೆಟ್ಟಗಳ ಮಳೆನೆರಳಿನಲ್ಲಿರುವ ಸ್ವೀಡನ್ನಿನ ಅಬಿಸ್ಕೊವಿನಲ್ಲಿ ಬಾನು ತಿಳಿಯಾಗಿರುವುದು ಹೆಚ್ಚು. ಸೂರ್ಯನಲ್ಲಿ ಸ್ಫೋಟಗೊಂಡ ಕಣರಾಶಿಯು ಒಂದರಿಂದ ಮೂರು ದಿನಗಳಲ್ಲಿ ಇಲ್ಲಿಗೆ ಬಂದು ಮುಟ್ಟುತ್ತದಾದ್ದರಿಂದ, ತಿಂಗಳುಗಳ ಮುಂಚೆ ಟಿಕೆಟು ಕೊಳ್ಳುವವನಿಗೆ ಇಂಥದೇ ಇರುಳೆಂದು ಯಾರೂ ಭರವಸೆ ಕೊಡಲಾರರು. ಒಂದೆರಡು ಇರುಳುಗಳ ಏರ್ಪಾಡನ್ನು ಬಿಟ್ಟು, ಒಂದೇ ಊರಿನಲ್ಲಿ ಐದಾರು ಇರುಳಾದರೂ ತಂಗಬೇಕು. ಹೊರಗೆ ನಿಂತಾಗ ದೀಪವನ್ನೂ ದೂರವಾಣಿಯ ತೆರೆಯನ್ನೂ ಮುಚ್ಚಿ ಅರ್ಧಗಂಟೆ ಕಾದರೆ ಮಾತ್ರ ಕಣ್ಣು ಕತ್ತಲೆಗೆ ಒಗ್ಗುತ್ತದೆ.

ಇಷ್ಟೆಲ್ಲ ಮಾಡಿಯೂ ಪ್ರಭೆಯು ಮೂಡದೆ ಇರಬಹುದು. ಆಗ ಯಾತ್ರೆಯು ವ್ಯರ್ಥವೇ? ಪುಸ್ತಿಕೆಯನ್ನು ಓದಿ ಹೋದವನಿಗೆ ವ್ಯರ್ಥ. ಕತ್ತಲೆಯನ್ನೇ ಅರಸಿ ಹೋದವನಿಗೆ ಹಾಗಲ್ಲ. ಆಕಾಶಗಂಗೆಯು ದಿಗಂತದಿಂದ ದಿಗಂತಕ್ಕೆ ಅವನ ಮೇಲೆ ಹರಿದಿರುತ್ತದೆ. 2016ರಲ್ಲಿ ಪ್ರಕಟವಾದ ಕೃತಕಬೆಳಕಿನ ಭೂಪಟದ ಪ್ರಕಾರ, ಮಾನವರಲ್ಲಿ ಮೂರರಲ್ಲೊಂದು ಪಾಲಿನವರು ತಾವಿರುವಲ್ಲಿಂದ ಆಕಾಶಗಂಗೆಯನ್ನು ಕಾಣರು. ಕವಿಗಳು ವರ್ಣಿಸಿದ ಇರುಳುಗಳು ನಮ್ಮ ಮಕ್ಕಳಿಗೆ ಬರಿಯ ಪದಗಳಾಗುತ್ತಿವೆ. ಅಂಥ ಕತ್ತಲೆಗಾಗಿ ಅಬಿಸ್ಕೊವಿಗೇ ಹೋಗಬೇಕೆಂದಿಲ್ಲ. ಲಡಾಖಿನ ಹಾನ್ಲೆಯೂ ಹಿಮಾಲಯದ ಮಳೆನೆರಳಿನ ಪ್ರದೇಶವೇ. ಸುಮಾರು 4,500 ಮೀಟರು ಎತ್ತರದಲ್ಲಿರುವ ಅಲ್ಲಿನ ವೀಕ್ಷಣಾಲಯವು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದುದು. ಅದರ ಚಂದ್ರಾ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. 2022ರಲ್ಲಿ ಆ ಸೀಮೆಯನ್ನು ಕತ್ತಲೆಯ ಬಾನಿನ ರಕ್ಷಿತಪ್ರದೇಶವೆಂದು ಸಾರಲಾಯಿತು. 2024ರ ಮೇ ತಿಂಗಳ ಮಹಾಕ್ಷೋಭೆಯಲ್ಲಿ ಅಲ್ಲಿನ ಯಂತ್ರಗಳು ಬಾನಿನ ಕೆಂಪನ್ನು ದಾಖಲಿಸಿದುವು. ಅದಕ್ಕಾಗಿ ಹಾನ್ಲೆಗೆ ಹೋಗಬೇಕೆಂದಲ್ಲ, ಅದು ಅಪರೂಪ. ಲೇಹದಲ್ಲಿ ಕೆಲದಿನ ತಂಗಿ, ತೆಳುಗಾಳಿಗೆ ದೇಹವನ್ನು ಒಗ್ಗಿಸಿಕೊಂಡು ಹೋದವರಿಗೆ ಅಲ್ಲಿ ದೊರೆಯುವುದು ನಿಜವಾದ ಇರುಳು.

ಆದುದರಿಂದ ನಮ್ಮ ತೀರ್ಮಾನವಿದು. ಮೂರು ಬರಹಗಳಲ್ಲಿ ಯಾತ್ರಿಕನಿಗೆ ಮೊದಲು ಓದಿಸತಕ್ಕದ್ದು ‘ರಾಜದರ್ಪಣ’ದ ಆ ಕೆಲವು ಪುಟಗಳು, ಬಳಿಕ ನಾನ್ಸೆನ್. ಪುಸ್ತಿಕೆಯನ್ನು ದರಕ್ಕಾಗಿಯೂ ದಿನಾಂಕಕ್ಕಾಗಿಯೂ ನೋಡಿದರೆ ಸಾಕು. ಕನ್ನಡದಲ್ಲಿ ಈ ಪ್ರಭೆಯನ್ನು ಕಂಡು ಬರೆಯುವವರು ಇನ್ನು ಹೆಚ್ಚುವರು. ಅವರು ತಮ್ಮ ಚಿತ್ರವನ್ನು ನೋಡಿಕೊಂಡು ಬರೆಯದೆ, ಅಂದಿನ ಇರುಳಿನಲ್ಲಿ ಕಣ್ಣು ಕಂಡುದನ್ನು ನೆನೆದು ಬರೆಯಲಿ. ಬೂದುಬಣ್ಣವನ್ನು ಕಂಡಿದ್ದರೆ ಬೂದುಬಣ್ಣವೆಂದೇ ಬರೆಯಲಿ.