ದುಂಡಕ್ಷರಕ್ಕೆ ಯಾವ ತೆರೆ ಚೆಂದ?

ಹೊಸ ಕಂಪ್ಯೂಟರ್ ಮುಂದೆ ಕೂತರೆ ನಾನು ಮೊದಲು ಟೈಪ್ ಮಾಡುವುದು ‘ರಾಷ್ಟ್ರ’ ಎಂಬ ಪದ. ರಕಾರಕ್ಕೊಂದು ಇಳಿ, ಷಕಾರದ ಅಡಿಯಲ್ಲಿ ಟ ಒತ್ತು, ಅದಕ್ಕಂಟಿಕೊಂಡು ರ ಒತ್ತು. ಇವೆಲ್ಲ ಒಂದರ ಮೈಮೇಲೊಂದು ಬೀಳದೆ, ಕೆಳಗಿನ ಸಾಲನ್ನು ತಾಗದೆ, ಹಾಯಾಗಿ ಕೂತಿವೆಯೇ ಎಂದು ನೋಡುತ್ತೇನೆ. ವೇಗ, ಬೆಲೆ, ಮೆಮೊರಿಗಳ ಹೋಲಿಕೆ ಬೇಕಾದಷ್ಟು ಸಿಗುತ್ತದೆ. ದಿನವಿಡೀ ಕನ್ನಡ ಓದಿ ಬರೆಯುವವರಿಗೆ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳ ನಿಜವಾದ ರುಚಿ ಗೊತ್ತಾಗುವುದು ಕಣ್ಣಿಗೆ, ಬೆರಳಿಗೆ.

ವಿಂಡೋಸ್‌ನಲ್ಲಿ ಕನ್ನಡ ಮನೆಮಗಳಾದದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟ್‌ನೊಂದಿಗೆ. ಮುಂಬಯಿಯ ಅಕ್ಷರಶಿಲ್ಪಿ ಆರ್. ಕೆ. ಜೋಶಿಯವರ ಮಾರ್ಗದರ್ಶನದಲ್ಲಿ ಮೂಡಿದ ತೆಳುಮೈಯ, ಸಂಕೋಚದ ಅಕ್ಷರಗಳವು. ಅದೇ ಎಕ್ಸ್‌ಪಿ ಕ್ಲಿಯರ್‌ಟೈಪ್ ತಂತ್ರವನ್ನೂ ತಂದಿತು. ತೆರೆಯ ಒಂದೊಂದು ಪಿಕ್ಸೆಲ್‌ನಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳಿರುತ್ತವೆ; ಅವನ್ನು ಬಿಡಿಬಿಡಿಯಾಗಿ ಬೆಳಗಿಸಿ ಅಂಚನ್ನು ನಯಗೊಳಿಸುವ ಜಾಣ್ಮೆ ಅದು. ಆದರೆ ಆ ನಯವೆಲ್ಲ ಅಡ್ಡಕ್ಕೆ ಮಾತ್ರ. ನೆಟ್ಟಗೆ ನಿಲ್ಲುವ ರೋಮನ್ ಲಿಪಿಗೆ ಅದು ಒಪ್ಪಿತು. ನಮ್ಮ ದುಂಡು ಬರಹದ ನೆತ್ತಿಯಲ್ಲೂ ಹೊಟ್ಟೆಯಲ್ಲೂ ಮೆಟ್ಟಿಲು ಮೆಟ್ಟಿಲು ಉಳಿಯಿತು. ವಿಂಡೋಸ್ 7ರ ಜೊತೆ ಬಂದ ಡೈರೆಕ್ಟ್‌ರೈಟ್ ಲಂಬದ ದಿಕ್ಕಿನಲ್ಲೂ ಅಂಚನ್ನು ತಿದ್ದಿದ ಮೇಲೆ ‘ಠ’ ಕೊನೆಗೂ ದುಂಡಗಾಯಿತು! ಮುಂದೆ ವಿಂಡೋಸ್ 8ರಲ್ಲಿ ಬಂದ ‘ನಿರ್ಮಲಾ’ ಫಾಂಟ್ ಮೈಕೈ ತುಂಬಿಕೊಂಡ ಅಕ್ಷರಗಳದು. ಚಿಕ್ಕ ಗಾತ್ರದಲ್ಲೂ ಅದರ ಒತ್ತಕ್ಷರಗಳನ್ನು ತಡವರಿಸದೆ ಓದಬಹುದು. ಕರಡು ತಿದ್ದುವಾಗಲಂತೂ ವಿಂಡೋಸ್ ಕೀಲಿಯ ಜೊತೆ ಎಡಬಾಣ ಒಂದು ಪುಟಕ್ಕೆ, ಬಲಬಾಣ ಇನ್ನೊಂದಕ್ಕೆ. ಮೂಲ, ತಿದ್ದುಪಡಿ ಎರಡೂ ಅಕ್ಕಪಕ್ಕ ಅರ್ಧರ್ಧ ತೆರೆಯಲ್ಲಿ ಚೊಕ್ಕವಾಗಿ ನಿಲ್ಲುತ್ತವೆ. ಕಚೇರಿ ಕೆಲಸಕ್ಕೆ ನಾನು ಇದನ್ನೇ ಬಯಸುತ್ತೇನೆ.

ಓದುವ ಸುಖ ಬೇಕೆಂದಾಗ ಮ್ಯಾಕ್ ತೆರೆಯುತ್ತೇನೆ. ವಿಂಡೋಸ್ ಅಕ್ಷರದ ಗೆರೆಯನ್ನು ಪಿಕ್ಸೆಲ್ ಚೌಕಕ್ಕೆ ಒಗ್ಗಿಸಿ ಚುರುಕಾಗಿಸುತ್ತದೆ. ಮ್ಯಾಕ್ ಹಾಗೆ ಒಗ್ಗಿಸಲು ಹೋಗುವುದಿಲ್ಲ. ವಿನ್ಯಾಸಕಾರ ಎಳೆದ ಬಾಗು ಎಷ್ಟು ಬಾಗಿದೆಯೋ ಅಷ್ಟೇ ಬಾಗಲಿ ಎಂದು ಬಿಡುತ್ತದೆ. ಹಳೆಯ ಒರಟು ತೆರೆಗಳಲ್ಲಿ ಇದು ತುಸು ಮಬ್ಬು, ತುಸು ದಪ್ಪ ಅನ್ನಿಸುತ್ತಿತ್ತು. 2012ರಲ್ಲಿ ಮ್ಯಾಕ್‌ಬುಕ್‌ಗೆ ರೆಟಿನಾ ತೆರೆ ಬಂದ ಮೇಲೆ ಆ ನಿಷ್ಠೆಗೆ ಫಲ ಸಿಕ್ಕಿತು. ಮಲೇಷ್ಯಾದ ತಮಿಳು ಅಕ್ಷರ ವಿನ್ಯಾಸಕ ಮುತ್ತು ನೆಡುಮಾರನ್ ರೂಪಿಸಿದ ‘ಕನ್ನಡ ಸಂಗಮ್’ ಫಾಂಟ್ ಅಲ್ಲಿ ಸಿಗುತ್ತದೆ. ಅದರಲ್ಲಿ ಒಂದು ‘ಳ’ ಬರೆದು, ದೊಡ್ಡದು ಮಾಡಿ, ಸುಮ್ಮನೆ ನೋಡಿ. ಗೆರೆ ಹೊರಡುತ್ತದೆ, ಬಳುಕುತ್ತದೆ, ತಿರುಗುವಲ್ಲಿ ಒಂದಿಷ್ಟು ತಡೆಯುತ್ತದೆ, ಮತ್ತೆ ಸುರುಳಿಯಾಗಿ ಒಳಗೆ ಸೇರುತ್ತದೆ. ಎಲ್ಲಿಯೂ ಮುರಿಯುವುದಿಲ್ಲ. ಕಡತವನ್ನು ತೆರೆಯದೆಯೇ ಸ್ಪೇಸ್ ಕೀಲಿ ಒತ್ತಿ ಇಣುಕಿ ನೋಡುವ ಸೌಕರ್ಯ 2007ರಿಂದಲೂ ಅಲ್ಲಿದೆ. ಹಳೆಯ ಲೇಖನ ಹುಡುಕುವಾಗ ಅದೊಂದು ಬಳಕೆಯೇ ಹಿತ.

ಇನ್ನು ಲಿನಕ್ಸ್. ನನ್ನ ಬರವಣಿಗೆಯೆಲ್ಲ ಅಲ್ಲೇ. ಅಲ್ಲಿ ಅಕ್ಷರವನ್ನು ತೆರೆಗೆ ಇಳಿಸುವ ಫ್ರೀಟೈಪ್ ಒಂದೇ ರುಚಿಯನ್ನು ಹೇರುವುದಿಲ್ಲ. ಗೆರೆಯನ್ನು ಚೌಕಕ್ಕೆ ಒಗ್ಗಿಸುವುದೇ ಬೇಡವೋ, ಚೂರು ಸಾಕೋ, ಪೂರ್ತಿ ಬೇಕೋ ನಾವೇ ಆರಿಸಬಹುದು. ತಂಬೂರಿಯ ಬಿರಡೆ ತಿರುವಿ ಶ್ರುತಿ ಹಿಡಿದಂತೆ, ನಮ್ಮ ಕಣ್ಣಿಗೂ ನಮ್ಮ ತೆರೆಗೂ ಹೊಂದುವ ಬಿಂದು ಸಿಗುವವರೆಗೆ ತಿರುವುತ್ತಾ ಇರಬಹುದು. ನನಗೆ ‘ಚೂರು’ ಇಷ್ಟ. ಡೆಬಿಯನ್ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟ್‌ಗಳಿವೆ. ನವಿಲಿನದು ಕೈಬರಹದ ಲಾಲಿತ್ಯ, ಕಾಗದಕ್ಕೆ ಶಾಯಿ ತಾಗಿದ ಸಲಿಗೆ.

ಅದಕ್ಕಿಂತಲೂ ಮಿಗಿಲಾದ ಸುಖ ಬೆರಳಿಗೆ. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿದೆ, ಕನ್ನಡ ಗಣಕ ಪರಿಷತ್ತಿನದು. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಬೇರು ಅದಕ್ಕಿದೆ. ಕನ್ನಡಕ್ಕಷ್ಟೇ ಅಲ್ಲ, ಹಿಂದಿ, ಮರಾಠಿ, ಸಂಸ್ಕೃತ, ತೆಲುಗಿಗೂ ಕಗಪ ಮಾದರಿಯ ಕೀಲಿಮಣೆಗಳು ಅದೇ ಪಟ್ಟಿಯಲ್ಲಿವೆ. ಪ್ರಪಂಚದ ಯಾವ ಮೂಲೆಯಲ್ಲಿ ಲಿನಕ್ಸ್ ಹಾಕಿದರೂ ಆ ಮೂರಕ್ಷರ ಜೊತೆಗೆ ಬರುತ್ತದೆಂಬುದು ನನಗೆ ಬಲು ಹೆಮ್ಮೆ. ಅದರಲ್ಲಿ ಒತ್ತಕ್ಷರ ಬೆಸೆಯುವ ಕೀಲಿ ಎಫ್. ಎಡಗೈ ತೋರುಬೆರಳು ಸದಾ ತಂಗುವ ಜಾಗ. ಕಣ್ಣು ಮುಚ್ಚಿದರೂ ಸಿಗಲೆಂದು ಆ ಕೀಲಿಯ ಮೇಲೊಂದು ಸಣ್ಣ ಉಬ್ಬು ಗೆರೆಯೂ ಇರುತ್ತದೆ. ಕನ್ನಡದಲ್ಲಿ ಮತ್ತೆ ಮತ್ತೆ ಬೇಕಾಗುವ ಬೆಸುಗೆ, ಬೆರಳು ಕದಲಿಸದೆ ಸಿಗುತ್ತದೆ. ಷ ಒತ್ತಿ, ಎಫ್, ಟ. ಮತ್ತೆ ಎಫ್, ರ. ಬಿಡಿಯಾಗಿದ್ದ ಅಕ್ಷರಗಳು ಕಣ್ಣೆದುರೇ ಒಂದರಡಿಗೊಂದು ಸರಿದು, ಮೈಮುದುಡಿ, ಷ್ಟ್ರ ಎಂದು ಕೂಡಿಕೊಳ್ಳುವ ಆ ಗಳಿಗೆಗೆ ನಾನು ಇನ್ನೂ ಸೋಲುತ್ತೇನೆ.

ಮೂರನ್ನೂ ಬದಲಿಸುತ್ತಾ ಬಳಸುವವರಿಗೆ ಒಂದೇ ಮಾತು: ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಮಾತ್ರವಲ್ಲ, 2019ರಿಂದ ಫೋನೆಟಿಕ್ ಕೀಲಿಮಣೆಯೂ ಇದೆ, ಮ್ಯಾಕ್‌ನಲ್ಲಿ ಕ್ವರ್ಟಿ ಆಧಾರದ್ದಿದೆ. ಮೊದಲು ಬೆರಳಿಗೆ ಒಗ್ಗುವುದನ್ನು ಆರಿಸಿಕೊಳ್ಳಿ, ಆಮೇಲೆ ಒಂದು ಪುಟ ಕನ್ನಡವನ್ನು ಹನ್ನೊಂದು ಪಾಯಿಂಟ್‌ನಲ್ಲಿ ಓದಿ ನೋಡಿ.